ಹಾವಿನ ಬಾಕಿ

ರಿಬೇರಾ ಹೊಳೆ ತಿರುಗುವಲ್ಲಿ, ಬಾಳೆತೋಟದ ಏರು ಹತ್ತಿ
ತಿಂಗಳಿಗೊಮ್ಮೆ ಹೋಗುತ್ತೇನೆ ಜುಲ್ಮಿರಾ ಅಜ್ಜಿಯ ಮನೆಗೆ.
ಹೆಗಲಲ್ಲಿ ಸರಕಾರದ ನೀಲಿ ಚೀಲ,
ಚೀಲದಲ್ಲಿ ತೋಳಿಗೆ ಸುತ್ತುವ ಪಟ್ಟಿ, ಬೆರಳು ಚುಚ್ಚುವ ಸೂಜಿ,
ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದಫ್ತರ.
ಗಂಬೂಟು ಮಾತ್ರ ನನ್ನದೇ ದುಡ್ಡಿನದು.

ದಫ್ತರದಲ್ಲಿ ಆಕೆಯದೊಂದು ಪುಟ.
ಒತ್ತಡ ಮೇಲೆ ನೂರಾ ಅರವತ್ತೆಂಟು, ಕೆಳಗೆ ತೊಂಬತ್ತೆಂಟು.
ಪಕ್ಕದ ಸಾಲಿನಲ್ಲಿ ಬರಿಹೊಟ್ಟೆಯ ಸಕ್ಕರೆ:
ತೊಂಬತ್ತಾರು, ನೂರಾ ಮೂರು, ನೂರಾ ಒಂಬತ್ತು, ನೂರಾ ಹದಿನಾಲ್ಕು,
ತಡವಾಗಿ ಮನೆಗೆ ಬಂದ ಹುಡುಗ ಮೆಟ್ಟಿಲು ಹತ್ತುವ ಹಾಗೆ
ಸದ್ದಿಲ್ಲದೆ, ಒಂದೊಂದೇ.

ಡಾಕ್ಟರ್ ವಾಲ್ಡೆಸಿ ಕನ್ನಡಕ ಹಣೆಗೇರಿಸಿ ನೋಡಿದರು.
"ನೀರಿಳಿಸುವ ಮಾತ್ರೆ, ಎದೆಬಡಿತ ತಗ್ಗಿಸುವ ಮಾತ್ರೆ,
ಎರಡೂ ಒತ್ತಡಕ್ಕೆ ಸರಿಯೇ.
ಆದರೆ ಇಂಥವರಲ್ಲಿ ಸಕ್ಕರೆಗೆ ಬಾಗಿಲು ಓರೆ ಮಾಡಿಡುತ್ತವೆ.
ಬೇರೆ ಕೊಡೋಣ. ಅದೇನು ಚಿಲಕ ಹಾಕೋದಿಲ್ಲ,
ಬಾಗಿಲನ್ನ ಕೊಂಚ ಮುಂದೆ ಮಾಡೀತು, ಅಷ್ಟೆ.
ಚಿಲಕ ಇರೋದು ಆಕೆಯ ಕಾಲಲ್ಲಿ, ಕಾಫಿ ಲೋಟದಲ್ಲಿ."

ಹೊಸ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಕೇಳಿದಳು:
"ಯಾವ ಬೇರಿನದು ಇದು, ಎಡಿಲೈನೆ?"
ಬೇರು ತೊಗಟೆಗಳ ಹೆಂಗಸು, ಮೂಲ ತಿಳಿಯದ ಮದ್ದು ಬಾಯಿಗಿಡಳು.
ಸುಳ್ಳು ಹೇಳಬಹುದಿತ್ತು.
"ಬೇರಲ್ಲ ಅಜ್ಜಿ. ಜರರಾಕ.
ಅದು ಕಚ್ಚಿದವರ ಒತ್ತಡ, ಹಗ್ಗ ಹರಿದ ಬಿಂದಿಗೆಯಂತೆ
ಇಳಿದುಹೋಗೋದು ಕಂಡು
ಆ ವಿಷವನ್ನ ಓದಿ ಬರೆದುಕೊಂಡರಂತೆ ಕಲಿತವರು.
ಇದರೊಳಗೆ ಹಾವಿಲ್ಲ. ಹಾವು ಕಲಿಸಿದ ಪಾಠ ಇದೆ."

ಒಲೆಯ ಮೇಲೆ ಕರಿ ಬೀನ್ಸ್ ಕುದಿಯುತ್ತಿತ್ತು.
ಗೊನೆ ಕಡಿಯಲು ಬಾಗಿದ ಅಪ್ಪ, ಒನೊಫ್ರೆ,
ಹೊಳೆ ದಾಟಿಸುವಷ್ಟರಲ್ಲಿ ದೋಣಿಯಲ್ಲೇ ತಣ್ಣಗಾದ.
ಆಗ ಆಕೆಗೆ ಏಳು ವರ್ಷ.
ದೋಣಿಗೆ ನುಗ್ಗಿದ ನೀರನ್ನು ಡಬ್ಬಿಯಲ್ಲಿ ಮೊಗೆದು ಚೆಲ್ಲುತ್ತಿದ್ದವಳು ಆಕೆಯೇ.
ನನಗೆ ಗೊತ್ತಿತ್ತು. ಊರಿಗೇ ಗೊತ್ತು.
ನಾಲಗೆ ಕಚ್ಚಿಕೊಂಡೆ.

ಆಕೆ ಮಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು
ಯಾರನ್ನೋ ಗದರುವಂತೆ ಅಂದಳು:
"ಬಂದೆಯಾ? ಅರವತ್ತು ವರ್ಷ ಆಯ್ತು.
ತೀರಿಸು. ದಿನಕ್ಕೆರಡು ಕಂತು."
ಒಂದು ಗುಟುಕು ನೀರು. ಅಷ್ಟೆ.

ಮೂರು ತಿಂಗಳು ಕಂತು ತಪ್ಪಲಿಲ್ಲ.
ಕಾಫಿಗೆ ಬೆಲ್ಲ ಬಿಟ್ಟಳು, ಬಿಟ್ಟದ್ದಕ್ಕೆ ನನ್ನನ್ನು ಬೈದಳು,
ಬೈಯುತ್ತಲೇ ನನ್ನ ಲೋಟಕ್ಕೆ ಎರಡು ಚಮಚ ಸುರಿದಳು.
ಸಂಜೆ ದೋಣಿಗಟ್ಟದ ತನಕ ನಡಿಗೆ, ಜೊತೆಗೆ ಮುದಿ ನಾಯಿ.
ಸಕ್ಕರೆ ನೂರಾ ಹತ್ತು. ಆಮೇಲೆ ನೂರಾ ಏಳು.
ಮಾತ್ರೆಯದೋ, ಬೆಲ್ಲದ್ದೋ, ನಾಯಿಯದೋ
ಪಾಲು ಹಂಚಲು ನನಗೆ ಬಾರದು.

ನಾಲ್ಕನೆಯ ತಿಂಗಳು ಕೆಮ್ಮು. ಕಫವಿಲ್ಲದ ಒಣ ಕೆಮ್ಮು,
ರಾತ್ರಿಯಿಡೀ ಗಂಟಲಲ್ಲಿ ಬುಸ್ ಬುಸ್.
"ಸಾಲಗಾರ ಗೊಣಗ್ತಿದ್ದಾನೆ, ಗೊಣಗಲಿ ಬಿಡು."
ಡಾಕ್ಟರು ಬಿಡಲಿಲ್ಲ. ಆ ಮಾತ್ರೆಯ ಗುಣವೇ ಅದು ಎಂದು
ಲೊಸಾರ್ಟನ್ ಬರೆದರು.

ಆಕೆ ಮುನಿದಳು. "ಬಾಕಿ ಇನ್ನೂ ಇದೆಯಲ್ಲ!
ಇದು ಯಾರು? ಹಾವಿನ ಪೈಕಿಯೇನು?"
ಯೋಚಿಸಿ ಹೇಳಿದೆ: "ಪೈಕಿಯೇ ಅನ್ನು.
ಹಾವು ತೋರಿಸಿದ ದಾರಿಯಲ್ಲೇ
ಇನ್ನು ನಾಲ್ಕು ಹೆಜ್ಜೆ ಹೋದವರಿಗೆ ಸಿಕ್ಕಿದ್ದು. ಮಗಳಿದ್ದ ಹಾಗೆ."
"ಹಾಗೆ ಹೇಳು. ಸಾಲ ಮಕ್ಕಳ ತಲೆಗೂ ಬರುತ್ತೆ."

ನಗುತ್ತಿದ್ದವಳು ನಡುವೆಯೇ ನಿಲ್ಲಿಸಿದಳು.
ಗೋಡೆಯ ಮೇಲೆ ತಾಯಿಯ ಪಟ, ಗಾಲಿಕುರ್ಚಿಯಲ್ಲಿ,
ಮಡಿಲ ತುಂಬ ಹೊದಿಕೆ,
ಹೊದಿಕೆಯ ಕೆಳಗೆ ಒಂದೇ ಚಪ್ಪಲಿ.

ಪಟ್ಟಿ ಸುತ್ತಿದೆ. ಗಾಳಿ ತುಂಬಿದೆ.
"ಮಾತಾಡಬೇಡ ಅಜ್ಜಿ, ಅಂಕಿ ಏರುತ್ತೆ."
ಆಕೆ ಮಾತಾಡುತ್ತಿರಲಿಲ್ಲ.
ಹೊರಗೆ ನಾಯಿ ಆಗಲೇ ಎದ್ದು ನಿಂತಿತ್ತು.